ನಮ್ಮ ಕೂಟದ ತೊಳಿಲಾಳಿ

ತಿರುವನಂತಪುರಕ್ಕೆ ವರ್ಗವಾಗಿ ಬಂದ ನಾಲ್ಕೇ ತಿಂಗಳಲ್ಲಿ ನಾನು ಒಂದು ಕನ್ನಡ ಕೂಟದ ಕಾರ್ಯದರ್ಶಿಯಾದೆ. ನನ್ನ ಯೋಗ್ಯತೆ ನೋಡಿ ಮಾಡಿದರು ಎಂದು ಯಾರೂ ತಪ್ಪು ತಿಳಿಯಬಾರದು. ಮೊದಲ ಸಭೆಗೆ ಹೋದಾಗ ಬ್ಯಾಂಕಿನವಳ ಅಭ್ಯಾಸದಂತೆ ಚೀಲದಿಂದ ಪೆನ್ನು ತೆಗೆದೆ. ಅಲ್ಲಿ ಕೂತಿದ್ದ ಬೇರೆ ಯಾರ ಹತ್ತಿರವೂ ಪೆನ್ನು ಇರಲಿಲ್ಲ. ಅಷ್ಟೇ ಸಾಕಾಯಿತು.

ನಮ್ಮದು ಊರಿನ ದೊಡ್ಡ ಸಂಘವಲ್ಲ. ಯಾವುದೋ ಕಾಲದಲ್ಲಿ ಯಾವುದೋ ತತ್ವಕ್ಕಾಗಿ ಒಡೆದು ಹೊರಬಂದ ಹದಿನೆಂಟು ಮನೆಗಳ ಕೂಟ. ಬಾಹ್ಯಾಕಾಶ ಸಂಸ್ಥೆಯವರು, ಬ್ಯಾಂಕಿನವರು, ಕೇಂದ್ರ ಸರ್ಕಾರದ ಕಚೇರಿಯವರು. ಉಳ್ಳೂರ್ ಜಂಕ್ಷನ್‌ನಿಂದ ಮೆಡಿಕಲ್ ಕಾಲೇಜಿನ ಕಡೆ ಹೋಗುವಾಗ ಒಂದು ಔಷಧಿ ಅಂಗಡಿಯ ಮೇಲೆ ಬಾಡಿಗೆಯ ಮಹಡಿ. ಒಂದು ಹಾಲ್, ಒಂದು ಅಡಿಗೆಮನೆ, ನಡುವೆ ನೀರು ಸರಿಯಾಗಿ ಬಾರದ ಒಂದು ನಲ್ಲಿ. ಲೆಟರ್‌ಹೆಡ್ಡಿನಲ್ಲಿ ಇದಕ್ಕೆ ‘ಕನ್ನಡ ಸೌಧ’ ಎಂದು ಹೆಸರು. ಪಕ್ಕದಲ್ಲಿ ಒಂದು ದುಂಡು ಸೀಲು ಕೂಡ ಇತ್ತು. ಸೀಲು ಇರುವ ಕೂಟಕ್ಕೆ ತನ್ನ ಬಗ್ಗೆ ಒಂದು ಗತ್ತು ತಾನಾಗಿಯೇ ಬರುತ್ತದೆ.

ಅಧ್ಯಕ್ಷರು ನಿವೃತ್ತ ವಿಜ್ಞಾನಿ, ಮೈಸೂರಿನವರು. ಮೂವತ್ತು ವರ್ಷ ಈ ಊರಿನಲ್ಲಿದ್ದೂ ಮಲಯಾಳ ಕಲಿತಿರಲಿಲ್ಲ. ಕಲಿಯಲಾಗಲಿಲ್ಲ ಎನ್ನುತ್ತಿರಲಿಲ್ಲ, ಕಲಿಯುವ ಅಗತ್ಯವಿಲ್ಲ ಎನ್ನುತ್ತಿದ್ದರು. ಅವರ ಪ್ರಕಾರ ಮಲಯಾಳ ಎಂಬ ಭಾಷೆಯೇ ಇಲ್ಲ. ಅದು ನಮ್ಮ ಹಳಗನ್ನಡ, ಇಲ್ಲಿನ ಸೆಕೆಗೆ ಸ್ವಲ್ಪ ಮೆತ್ತಗಾಗಿದೆ, ಅಷ್ಟೇ. ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಕೊನೆಗೆ ಆಸ್ಪತ್ರೆಯ ಚೀಟಿಯ ಮೇಲಿನ ಪದವನ್ನೂ ಬಿಡಿಸಿ ಅದರೊಳಗಿಂದ ಕನ್ನಡವನ್ನು ಎಳೆದು ತೆಗೆಯುತ್ತಿದ್ದರು. ರಾಕೆಟ್ಟಿನ ಭಾಗಗಳನ್ನು ಜೋಡಿಸಿದ ತಲೆ, ಪದಗಳನ್ನು ಜೋಡಿಸುವಾಗಲೂ ಅದೇ ಧೈರ್ಯ. ನಾನು ಹೊಸಬಳು, ಬಾಯಿ ತೆರೆದು ಕೇಳುತ್ತಿದ್ದೆ.

ಇಷ್ಟೆಲ್ಲ ದೊಡ್ಡ ಮನುಷ್ಯರ ನಡುವೆ ನಿಜವಾಗಿ ಕೆಲಸ ಮಾಡುತ್ತಿದ್ದವಳು ಒಬ್ಬಳೇ. ಕೊಪ್ಪಳದ ಕಡೆಯ ಹೆಂಗಸು. ಕೇಬಲ್ ಗುಂಡಿ ತೋಡುವ ತಂಡದ ಜೊತೆ ಗಂಡನೊಂದಿಗೆ ಬಂದಿದ್ದಳಂತೆ. ತಂಡ ಮುಂದಿನ ಊರಿಗೆ ಹೋಯಿತು, ಗಂಡನೂ ತಂಡದ ಜೊತೆ ಹೋದ, ಇವಳು ಉಳಿದಳು. ಹನ್ನೊಂದು ವರ್ಷದಿಂದ ಸೌಧದ ನೆಲ ಗುಡಿಸಿ, ಹಬ್ಬದೂಟದ ಪಾತ್ರೆಗಳನ್ನೆಲ್ಲ ತೊಳೆದು ಕವುಚಿಡುತ್ತಿದ್ದಳು. ತಿಂಗಳಿಗೊಮ್ಮೆ ಕೈಗೆ ಕೊಡುವುದಕ್ಕೆ ಸಂಬಳ ಎಂದು ಯಾರೂ ಕರೆಯುತ್ತಿರಲಿಲ್ಲ. ‘ಪ್ರೀತಿಯ ಕಾಣಿಕೆ’ ಎನ್ನುತ್ತಿದ್ದರು. ಪ್ರೀತಿ ಯಾವ ತಿಂಗಳೂ ಹೆಚ್ಚಾದದ್ದನ್ನು ನಾನು ಕಾಣಲಿಲ್ಲ.

ನಾನು ಪೆನ್ನು ಹಿಡಿದ ಎರಡನೇ ಸಭೆಯಲ್ಲಿ ಅವಳು ಬಾಗಿಲ ಹತ್ತಿರ ಬಂದು ನಿಂತಳು. ಹತ್ತಿರದ ಒಂದು ಖಾಸಗಿ ಆಸ್ಪತ್ರೆಯ ಅಡಿಗೆಮನೆಗೆ ಜನ ತೆಗೆದುಕೊಳ್ಳುತ್ತಿದ್ದರು. ಗುತ್ತಿಗೆಯವರ ಮೂಲಕವಲ್ಲ, ನೇರವಾಗಿ ಆಸ್ಪತ್ರೆಯ ಪಟ್ಟಿಗೇ. ಯೂನಿಫಾರ್ಮು, ವಾರಕ್ಕೊಂದು ರಜೆ, ಕಾಯಿಲೆ ಬಿದ್ದರೆ ಅಲ್ಲೇ ಔಷಧಿ. ಆದರೆ ಹಿಂದೆ ಯಾವುದಾದರೂ ಸಂಸ್ಥೆಯಲ್ಲಿ ಕೆಲಸ ಮಾಡಿದ್ದಕ್ಕೆ ಕಾಗದ ಬೇಕು. ಮನೆಗೆಲಸದ ಕಾಗದ ನಡೆಯುವುದಿಲ್ಲ. ವಯಸ್ಸಿನ ಮಿತಿ ಬೇರೆ ಇತ್ತು, ಅವಳಿಗೆ ಈ ಸಲ ಬಿಟ್ಟರೆ ಮತ್ತೆ ಇಲ್ಲ.

“ಒಂದ್ ಕಾಗದ ಬೇಕ್ರಿ. ಇಲ್ಲಿ ಕೆಲ್ಸ ಮಾಡ್ಯಾಳ ಅಂತ ಬರದು ಸಿಕ್ಕಾ ಹೊಡದು ಕೊಟ್ರ ಸಾಕ್ರಿ. ಬ್ಯಾರೆ ಏನೂ ಬ್ಯಾಡ.”

ಇಷ್ಟೇ ಕೇಳಿದಳು, ಒಂದು ಕಾಗದ, ಅದರ ಮೇಲೊಂದು ಸೀಲು. ಬರೆಯುವುದಕ್ಕೆ ಎರಡು ನಿಮಿಷ ಸಾಕು ಎಂದುಕೊಂಡು ನಾನು ಲೆಟರ್‌ಹೆಡ್ಡಿಗೆ ಕೈ ಹಾಕಿದೆ. ಖಜಾಂಚಿ ಅದರ ಮೇಲೆ ಕೈ ಇಟ್ಟರು. ಅವರು ಕಾಸರಗೋಡಿನವರು, ಲೆಕ್ಕ ಪರಿಶೋಧನೆಯ ಕಚೇರಿಯಲ್ಲಿ ದೊಡ್ಡ ಹುದ್ದೆ. ಜಗತ್ತಿನಲ್ಲಿ ಯಾರು ಎಲ್ಲಿ ಸಹಿ ಹಾಕಿ ಸಿಕ್ಕಿಬಿದ್ದರು ಎಂಬುದೆಲ್ಲ ಅವರಿಗೆ ಬಾಯಿಪಾಠ.

“ಎಂತ ಬರೀಲಿಕ್ಕೆ ಹೊರಟದ್ದು ಮಾರಾಯ್ರೆ ನೀವು? ಕೆಲಸದವಳು ಅಂತ ಒಮ್ಮೆ ಬರೆದು ಕೊಟ್ರೆ ಮುಗೀತು. ನಾಳೆ ಕಾನೂನು ಉಂಟು, ಭವಿಷ್ಯನಿಧಿ ಉಂಟು, ಅದುಂಟು, ಇದುಂಟು. ಹನ್ನೊಂದು ವರ್ಷದ್ದು ಒಟ್ಟಿಗೇ ತಲೆ ಮೇಲೆ ಬರ್ತದೆ.”

ಅಧ್ಯಕ್ಷರು ಅದನ್ನೇ ಸಿಹಿಯಾಗಿ ಹೇಳಿದರು. “ನೋಡಮ್ಮ, ನೀನು ನಮ್ಮನೆಯವಳ ಹಾಗೆ. ಮನೆಯವರಿಗೆ ಯಾರಾದ್ರೂ ಸರ್ಟಿಫಿಕೇಟ್ ಬರೆದುಕೊಡ್ತಾರಾ? ನಿನ್ನನ್ನ ಕೆಲಸದವಳು ಅಂತ ಬರೆಯೋಕೆ ನನ್ನ ಕೈಯೇ ಬರಲ್ಲ.”

ಅವರ ದನಿ ಸ್ವಲ್ಪ ಗದ್ಗದವೂ ಆಯಿತು. ನಾಲ್ಕೈದು ಜನ ತಲೆಯಾಡಿಸಿದರು. ಮನೆಯವಳ ಹಾಗಿದ್ದವಳು ಬಾಗಿಲಲ್ಲಿ ನಿಂತೇ ಇದ್ದಳು. ಕೂರು ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವಳು “ಆತ್ರಿ” ಎಂದು ಒಳಗೆ ಹೋಗಿ ನಮ್ಮ ಕಾಫಿ ಲೋಟಗಳನ್ನು ತೊಳೆದಳು. ನನಗೆ ನಾಚಿಕೆಯಾಯಿತು. ಲೆಟರ್‌ಹೆಡ್ಡನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ನಾಚಿಕೆಪಡುವುದರಲ್ಲಿ ನಾನು ಮೊದಲಿಂದಲೂ ಗಟ್ಟಿಗಿತ್ತಿ, ಮಾತಾಡುವುದರಲ್ಲಿ ಅಲ್ಲ.

ಇದಾದ ಹತ್ತು ದಿನಕ್ಕೆ ಕೊಚ್ಚಿಯಿಂದ ಒಂದು ಆಹ್ವಾನ ಬಂತು. ಅಲ್ಲಿನ ಒಂದು ವಾಚನಾಲಯದವರು ಇತಿಹಾಸದ ಹಬ್ಬ ನಡೆಸುತ್ತಿದ್ದರು. ರಾಜರ ಇತಿಹಾಸವಲ್ಲ, ಯಾರೂ ಬರೆದಿಡದವರ ಇತಿಹಾಸ. ಕೇರಳದಲ್ಲಿರುವ ಬೇರೆ ಬೇರೆ ಭಾಷೆಯ ಕೂಟಗಳು ತಮ್ಮ ಜನದಿಂದ ಒಬ್ಬೊಬ್ಬ ‘ತೊಳಿಲಾಳಿ’ಯನ್ನು ಕರೆತರಬೇಕು, ಅವರ ಉಪಕರಣಗಳನ್ನು ಮೇಜಿನ ಮೇಲಿಡಬೇಕು, ಅವರು ತಮ್ಮ ಕಥೆ ಹೇಳಬೇಕು. ಕಾಗದ ಪೂರ್ತಿ ಮಲಯಾಳದಲ್ಲಿತ್ತು. ನಾನು ಬಸ್ಸಿನ ಬೋರ್ಡು ನೋಡಿ ನೋಡಿ ಮಲಯಾಳದ ಅಕ್ಷರ ಕಲಿತಿದ್ದೆ. ಓದಲು ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ಚರಿತ್ರೆ, ಭಾಷೆ, ಉಪಕರಣ ಇಂಥ ಸಂಸ್ಕೃತದ ಪದಗಳನ್ನು ಹಿಡಿದು ಹೇಗೋ ಸಾಗಿದೆ. ‘ತೊಳಿಲಾಳಿ’ ಬಂದಾಗ ನಿಂತೆ.

“ನಿಲ್ಲೋದ್ಯಾಕಮ್ಮ? ಅಚ್ಚಗನ್ನಡ!” ಎಂದರು ಅಧ್ಯಕ್ಷರು. “ತೊಳೆ, ತೊಳಿ, ತೊಳಿಲ್. ಆಳು, ಆಳಿ. ತೊಳೆಯುವ ಆಳು. ಕೊಚ್ಚಿಯಲ್ಲಿ ಆ ಹಳೇ ದೋಬಿಖಾನೆ ಇದೆಯಲ್ಲ, ಬಟ್ಟೆ ಒಗೆಯೋರದ್ದು? ಅದನ್ನ ನೋಡೋಕೆ ಎಲ್ಲಿಂದೆಲ್ಲಿಂದಲೋ ಜನ ಬರ್ತಾರೆ. ತೊಳೆಯೋರ ಇತಿಹಾಸ ಮಾಡ್ತಿದಾರೆ, ಸರಿಯಾಗೇ ಇದೆ.”

ಕೇರಳದಲ್ಲಿ ಹುಟ್ಟಿದ ಮಗು ಅಮ್ಮ, ಅಚ್ಛ ಆದ ಮೇಲೆ ಕಲಿಯುವ ಪದ ಅದು. ತೊಳಿಲಾಳಿ ಎಂದರೆ ಕಾರ್ಮಿಕ. ಗೋಡೆಗಳ ಮೇಲೆ, ಮೆರವಣಿಗೆಗಳಲ್ಲಿ, ಆಟೋ ನಿಲ್ದಾಣದ ಬೋರ್ಡಿನಲ್ಲಿ, ಎಲ್ಲಿ ನೋಡಿದರೂ ಅದೇ. ನಮ್ಮ ಸದಸ್ಯರ ಮಕ್ಕಳನ್ನು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದವು. ಅವು ನಾವು ಕನ್ನಡದಲ್ಲಿ ಬೈದರೆ ಮಲಯಾಳದಲ್ಲಿ ಉತ್ತರ ಕೊಡುವ ಜಾತಿ. ಫೋನನ್ನು ಕೇಳಿದ್ದರೂ ಅರ್ಧ ನಿಮಿಷದಲ್ಲಿ ಹೇಳುತ್ತಿತ್ತು. ನಾನು ಕೇಳಲಿಲ್ಲ. ಅಷ್ಟು ದೊಡ್ಡ ವಿಜ್ಞಾನಿ ಅಷ್ಟು ಖಚಿತವಾಗಿ ಹೇಳುವಾಗ ಎದುರಿಗೇ ಫೋನು ತೆಗೆದು ಪರೀಕ್ಷೆ ಮಾಡುವುದು ಮರ್ಯಾದೆ ಅಲ್ಲ ಅನ್ನಿಸಿತು. ಇದ್ದ ಸದಸ್ಯರಲ್ಲಿ ಮಲಯಾಳ ಚೆನ್ನಾಗಿ ಬಲ್ಲವರು ಕಾಸರಗೋಡಿನ ಖಜಾಂಚಿ ಒಬ್ಬರೇ, ಅವರು ಆಡಿಟ್ಟಿಗೆಂದು ಎರಡು ವಾರ ಕೊಚ್ಚಿಯಲ್ಲಿದ್ದರು. ಉಳಿದವರ ಆಫೀಸೆಲ್ಲ ಇಂಗ್ಲಿಷು, ಮನೆಯೆಲ್ಲ ಕನ್ನಡ, ಮಲಯಾಳ ಮೀನು ಬೇಡ ಎನ್ನುವುದಕ್ಕೆ ಮಾತ್ರ.

ತೊಳೆಯುವವರು ಎಂದ ಮೇಲೆ ಹುಡುಕುವುದೇನಿದೆ? ನಮ್ಮಲ್ಲಿ ಒಬ್ಬಳಿದ್ದಳು. ಅಧ್ಯಕ್ಷರಿಗೆ ಉತ್ಸಾಹ ಉಕ್ಕಿತು. ಕಾಗದ ಕೊಡದೆ ಕಳಿಸಿದ್ದರ ಚುರುಕು ಅವರಿಗೂ ಎಲ್ಲೋ ಇತ್ತೇನೋ. ವೇದಿಕೆ ಹತ್ತಿಸಿ ಶಾಲು ಹೊದಿಸಿದರೆ ಅದು ಹೋಗುತ್ತದೆ ಎಂದುಕೊಂಡರು. ಆಹ್ವಾನದ ಜೊತೆ ಭರ್ತಿ ಮಾಡಬೇಕಾದ ಒಂದು ಪರಿಚಯ ಪತ್ರದ ಮಾದರಿ ಇತ್ತು. ಇದನ್ನು ಕೂಟದ ಲೆಟರ್‌ಹೆಡ್ಡಿನಲ್ಲಿ ಬರೆದು, ಸಹಿ ಸೀಲು ಹಾಕಿ, ಒಂದು ಪ್ರತಿ ಅವರಿಗೆ, ಒಂದು ಪ್ರತಿ ಬರುವವರ ಕೈಯಲ್ಲಿ. ನಾನು ಅಕ್ಷರ ಅಕ್ಷರ ನೋಡಿ ನಕಲು ಮಾಡಿದೆ. ಇಂಥವರು ಹನ್ನೊಂದು ವರ್ಷದಿಂದ ನಮ್ಮ ಸಂಸ್ಥೆಯ ತೊಳಿಲಾಳಿ ಎಂದು.

‘ಇಂಥವರು’ ಎಂಬಲ್ಲಿ ಪೆನ್ನು ನಿಂತಿತು. ಅವಳ ಹೆಸರೇನು? ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬರು ಅವಳನ್ನು ‘ಅಕ್ಕ’ ಎನ್ನುತ್ತಿದ್ದರು, ಒಬ್ಬರು ‘ಚೇಚಿ’, ಅದೂ ಅಕ್ಕ ಎಂದೇ. ಅಧ್ಯಕ್ಷರು ‘ನಮ್ಮವಳು’ ಎನ್ನುತ್ತಿದ್ದರು. ಹನ್ನೊಂದು ವರ್ಷದ ನಮ್ಮವಳ ಹೆಸರನ್ನು ನಾನು ಅಡಿಗೆಮನೆಗೆ ಹೋಗಿ ಕೇಳಿಕೊಂಡು ಬಂದೆ. ಸಹಿ ಹಾಕಿದೆ. ಸೀಲನ್ನು ಅಧ್ಯಕ್ಷರೇ ತಮ್ಮ ಕೈಯಾರೆ ಒತ್ತಿದರು, ಚೆನ್ನಾಗಿ ಮೂಡಲಿ ಎಂದು ಎರಡು ಸಲ.

ಕಾಗದ ಅವಳ ಕೈಗೆ ಕೊಟ್ಟಾಗ ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕನ್ನಡ ಓದಲು ಬಾರದು ಅವಳಿಗೆ. ಮಲಯಾಳ ಮಾತ್ರ ಇಲ್ಲಿನ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು ನಿಧಾನವಾಗಿ ಓದುತ್ತಿದ್ದಳು. ಬೆರಳಿಟ್ಟು ಓದಿ, ಒಂದು ಕಡೆ ಬೆರಳು ನಿಂತು, ನನ್ನ ಮುಖ ನೋಡಿದಳು.

“ಇದನ್ನ ಅವ್ರು ಒಪ್ಪಿ ಬರಸ್ಯಾರನ್ರಿ?”

“ಎಲ್ಲರೂ ಒಪ್ಪಿ ಬರೆಸಿದ್ದು” ಎಂದೆ, ದೊಡ್ಡ ಉಪಕಾರ ಮಾಡಿದವಳಂತೆ.

ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕವರಿಗೆ ಹಾಕಿ ಕುಪ್ಪಸದೊಳಗೆ ಸೇರಿಸಿದಳು.

ಮುಂದಿನ ಶನಿವಾರ ಬೆಳಿಗ್ಗೆ ತಂಪಾನೂರು ನಿಲ್ದಾಣದಿಂದ ರೈಲು ಹತ್ತಿದೆವು. ಅಧ್ಯಕ್ಷರು, ಅವರ ಹೆಂಡತಿ, ನಾನು, ಇನ್ನಿಬ್ಬರು ಸದಸ್ಯರು, ಅವಳು, ಮತ್ತು ಕೂಟದ ಅತಿ ದೊಡ್ಡ ಕೊಳಗ. ನೂರು ಜನರ ಸಾರು ಹಿಡಿಸುವ ಆ ಕೊಳಗವನ್ನು ಉಪಕರಣವೆಂದು ಪ್ರದರ್ಶನಕ್ಕೆ ಒಯ್ಯುತ್ತಿದ್ದೆವು. ಅದಕ್ಕೆ ಬಾಗಿಲ ಹತ್ತಿರ ಜಾಗ ಸಿಕ್ಕಿತು, ಅವಳಿಗೂ ಅದರ ಪಕ್ಕದಲ್ಲೇ. ಕೊಲ್ಲಂ ದಾಟುವವರೆಗೆ ಅಧ್ಯಕ್ಷರು ತಮ್ಮ ಇಂಗ್ಲಿಷ್ ಭಾಷಣ ಓದಿ ತೋರಿಸಿದರು. ಕೇರಳದ ಶುಚಿತ್ವಕ್ಕೆ ಕನ್ನಡಿಗರ ಕೊಡುಗೆ ಎಂಬುದು ಅದರ ವಿಷಯ. ಅವರ ಮನೆಯಲ್ಲಿ ಅವರು ಒಂದು ಲೋಟ ಎತ್ತಿ ಇಟ್ಟದ್ದನ್ನೂ ನೋಡಿಲ್ಲ ಎಂದು ಅವರ ಹೆಂಡತಿ ನನ್ನ ಕಿವಿಯಲ್ಲಿ ಹೇಳಿದರು.

ಕೊಚ್ಚಿ ಎಂದರೂ ಕಾರ್ಯಕ್ರಮ ಇದ್ದದ್ದು ಆಲುವದಲ್ಲಿ, ಮೆಟ್ರೊ ಮುಗಿಯುವ ಕಡೆ, ಒಂದು ಹಳೆಯ ಗೋದಾಮಿನಲ್ಲಿ. ಗೋಡೆಯ ಸುಣ್ಣವನ್ನು ಬೇಕೆಂದೇ ಉದುರಲು ಬಿಟ್ಟಿದ್ದರು. ನೋಡಿದರೆ ಶ್ರಮದ ನೆನಪು ಬರಬೇಕಂತೆ. ಖಾದಿ ಜುಬ್ಬಾ, ಕೈಮಗ್ಗದ ಸೀರೆ, ದಪ್ಪ ಚೌಕಟ್ಟಿನ ಕನ್ನಡಕ, ಬಟ್ಟೆಯ ಚೀಲ. ಶೋಷಣೆಯ ಬಗ್ಗೆ ಮಾತಾಡುವಾಗ ಎಲ್ಲರೂ ತಲೆಯನ್ನು ಒಂದೇ ಕಡೆಗೆ ವಾಲಿಸುತ್ತಿದ್ದರು. ಮೊದಲಿಗೆ ದನಿ ಇಲ್ಲದವರ ದನಿಯನ್ನು ಆಲಿಸಲು ಎರಡು ನಿಮಿಷದ ಮೌನ ಇತ್ತು. ಆ ಮೌನದಲ್ಲಿ ಹಿಂದಿನಿಂದ ಕುರ್ಚಿ ಜೋಡಿಸುತ್ತಿದ್ದ ಇಬ್ಬರ ಸದ್ದು ಕೇಳಿಸಿತು. ಕಾರ್ಯಕರ್ತೆಯೊಬ್ಬಳು ಓಡಿಹೋಗಿ ಅವರಿಗೆ ಸುಮ್ಮನಿರಲು ಹೇಳಿದಳು.

ಮೇಜುಗಳು ಮಾತ್ರ ಚೆನ್ನಾಗಿದ್ದವು, ಅದನ್ನು ಹೇಳದಿದ್ದರೆ ಅನ್ಯಾಯ. ಮೂಟೆ ಹೊರುವವರ ಕೊಕ್ಕೆ, ತೆಂಗಿನ ನಾರು ಹೊಸೆಯುವ ರಾಟೆ, ಬೀಡಿ ಕಟ್ಟುವ ಮೊರ, ಸವೆದು ಅರ್ಧವಾದ ಉಳಿ. ತಮಿಳು ಕೂಟದವರು ಒಬ್ಬ ಮುದುಕ ದರ್ಜಿಯನ್ನು ಕರೆತಂದಿದ್ದರು, ಗುಜರಾತಿಗಳು ತಮ್ಮ ಗೋದಾಮಿನ ತೂಕದವನನ್ನು. ನಡುವೆ ನಮ್ಮ ಕೊಳಗ, ಅವಳು ಉಜ್ಜಿ ಉಜ್ಜಿ ಹೊಳೆಯಿಸಿದ್ದು. ತೊಳೆಯುವವರು ಎಂದು ಬಂದವರು ನಾವೊಬ್ಬರೇ; ದೋಬಿಗಳು ಕಾಣದ್ದಕ್ಕೆ ಅಧ್ಯಕ್ಷರಿಗೆ ಸ್ವಲ್ಪ ಆಶ್ಚರ್ಯವಾಯಿತು. ಆದರೂ ಪಾತ್ರೆ ತೊಳೆಯುವವಳೂ ಕಾರ್ಮಿಕಳೇ ಆದ್ದರಿಂದ ನಮ್ಮ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಬದಲಿಗೆ ಸಂಘಟಕಿ ಬಂದು ನನ್ನ ಕೈ ಹಿಡಿದು ಇಂಗ್ಲಿಷಿನಲ್ಲಿ ಹೊಗಳಿದಳು. ಬೇರೆ ಕೂಟದವರೆಲ್ಲ ಯಾರದೋ ತೊಳಿಲಾಳಿಯನ್ನು ಹುಡುಕಿ ತಂದಿದ್ದಾರೆ, ನೀವು ನಿಮ್ಮದೇ ಸಂಸ್ಥೆಯ ಕಾರ್ಮಿಕಳನ್ನು ಕರೆತಂದಿದ್ದೀರಿ, ಅದನ್ನು ಬರೆದೂ ಕೊಟ್ಟಿದ್ದೀರಿ, ಇದಕ್ಕೆ ಧೈರ್ಯ ಬೇಕು ಎಂದಳು.

ಅವಳ ಇಂಗ್ಲಿಷಿನ ‘ವರ್ಕರ್’ ಎಂಬ ಪದ ನನ್ನ ಕಿವಿಗೆ ಬಿತ್ತು. ಫೋನು ತೆಗೆದು ಈಗ ಕೇಳಿದೆ. ಅರ್ಧ ನಿಮಿಷವೂ ಬೇಕಾಗಲಿಲ್ಲ. ಅಧ್ಯಕ್ಷರ ಕಡೆ ನೋಡಿದೆ. ಅವರು ಯಾರಿಗೋ ಕೊಕ್ಕೆ ಎಂಬ ಪದದ ಮೂಲ ಹೇಳುತ್ತಿದ್ದರು. ಅಷ್ಟರಲ್ಲಿ ನಮ್ಮ ಖಜಾಂಚಿ ಮೆಟ್ರೊ ಇಳಿದು ನಗುನಗುತ್ತ ಬಂದರು, ಪ್ರದರ್ಶನದ ಹಲಗೆಗೆ ಚುಚ್ಚಿದ್ದ ನಮ್ಮ ಪರಿಚಯ ಪತ್ರದ ಮುಂದೆ ನಿಂತರು, ಕಾಸರಗೋಡಿನ ಮಲಯಾಳದಲ್ಲಿ ಸರಾಗವಾಗಿ ಓದಿದರು. ಹರಳೆಣ್ಣೆ ಕುಡಿದವರ ಮುಖ ಹೇಗಿರುತ್ತದೆ ಎಂದು ಆವತ್ತು ನೋಡಿದೆ.

ಅವರು ಬಾಯಿ ತೆರೆಯುವ ಮೊದಲೇ ನಮ್ಮವಳನ್ನು ವೇದಿಕೆಗೆ ಕರೆದರು. ಅಧ್ಯಕ್ಷರ ಭಾಷಣದ ಮೊದಲೇ. ಇಲ್ಲಿ ತೊಳಿಲಾಳಿಗಳು ಮೊದಲು, ಪದಾಧಿಕಾರಿಗಳು ಆಮೇಲೆ ಎಂದು ಸಂಘಟಕಿ ನಗುತ್ತಲೇ ಹೇಳಿದಳು. ನಾನು ಇಂಗ್ಲಿಷಿಗೆ ಅನುವಾದ ಮಾಡಲು ಎದ್ದೆ. ಅವಳು ಕೈಯಲ್ಲೇ ಬೇಡ ಎಂದಳು. ಮಲಯಾಳದಲ್ಲಿ ಮಾತಾಡಿದಳು, ಕೆಳಗಿನ ಔಷಧಿ ಅಂಗಡಿ, ಮೀನಿನ ಅಂಗಡಿ, ಬಸ್ಸು, ರಾತ್ರಿಶಾಲೆ ಎಲ್ಲ ಸೇರಿ ಕಲಿಸಿದ ಓಡುವ ಮಲಯಾಳ. ನಮ್ಮ ಕೂಟದ ಎಲ್ಲರಿಗಿಂತ ಚೆನ್ನಾಗಿ ಈ ನಾಡಿನ ಭಾಷೆ ಬಲ್ಲವಳು ನಮ್ಮ ಎಂಜಲು ತಟ್ಟೆ ಎತ್ತುತ್ತಿದ್ದಳು. ಖಜಾಂಚಿ ನನ್ನ ಪಕ್ಕದಲ್ಲಿ ಕೂತು, ಹಲ್ಲು ಕಚ್ಚಿಕೊಂಡೇ, ಅರ್ಥ ಹೇಳುತ್ತಿದ್ದರು.

ಅವಳು ಕೊಳಗವನ್ನು ಸಭೆಯ ಕಡೆಗೆ ವಾಲಿಸಿ ಒಳಗಿನ ತಳ ತೋರಿಸಿದಳು. ಮೇಲೆ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ಪಾತ್ರೆಯ ತಳದಲ್ಲಿ ಕಪ್ಪು ಕಲೆಗಳಿದ್ದವು, ಎಷ್ಟು ಉಜ್ಜಿದರೂ ಹೋಗದವು. ಒಂದೊಂದನ್ನೂ ಮುಟ್ಟಿ ಹೇಳಿದಳು. ಈ ದೊಡ್ಡ ಕಲೆ, ನಾನು ಬಂದ ಹೊಸದರಲ್ಲಿ ದೊಡ್ಡ ಸಂಘದಿಂದ ಇವರು ಒಡೆದು ಬಂದ ದಿನದ್ದು. ಅತಿಥಿಗಳಿಗೆ ಮೊದಲು ಹೋಳಿಗೆ ಬಡಿಸಬೇಕೋ ಪಾಯಸ ಬಡಿಸಬೇಕೋ ಎಂದು ಜಗಳ ಹತ್ತಿ ಎಲ್ಲರೂ ಹಾಲ್‌ನಲ್ಲಿ ಕೂಗಾಡುತ್ತಿದ್ದರು, ಒಲೆಯ ಮೇಲೆ ಸಾರು ಹೊತ್ತಿತು. ಜಗಳ ಅರ್ಧ ಗಂಟೆಯಲ್ಲಿ ಮುಗಿಯಿತು, ತಳ ಉಜ್ಜಲು ನನಗೆ ಎರಡು ದಿನ ಬೇಕಾಯಿತು. ಇದು ಯಾರೋ ವರ್ಗವಾಗಿ ಹೋದಾಗಿನ ಬೀಳ್ಕೊಡುಗೆಯದು, ಎಲ್ಲರೂ ಅಳುತ್ತಿದ್ದರು, ಒಲೆ ಯಾರೂ ನೋಡಲಿಲ್ಲ. ಈ ಚಿಕ್ಕದು ಊರಿಗೂರೇ ಬೀಗ ಹಾಕಿದ ದೊಡ್ಡ ಜ್ವರದ ಕಾಲದ್ದು. ಸೌಧ ಮುಚ್ಚಿತ್ತು, ಆಸ್ಪತ್ರೆಯ ಹೊರಗೆ ಸಿಕ್ಕಿಬಿದ್ದ ನಮ್ಮ ಕಡೆಯ ಕೂಲಿಗಳಿಗೆ ನಾನೊಬ್ಬಳೇ ಈ ಕೊಳಗದಲ್ಲಿ ಗಂಜಿ ಕಾಯಿಸಿದೆ, ಇವರಿಗೆ ಹೇಳಲಿಲ್ಲ.

ಯಾವ ತತ್ವಕ್ಕಾಗಿ ನಾವು ಒಡೆದು ಬಂದೆವು ಎಂದು ನನಗೆ ತಿಳಿದದ್ದು ಆವತ್ತು, ಆಲುವದಲ್ಲಿ, ಮುನ್ನೂರು ಮಲಯಾಳಿಗಳ ಎದುರು. ಸಭೆ ಬಿದ್ದು ಬಿದ್ದು ನಕ್ಕಿತು. ಗಂಜಿಯ ಮಾತಿಗೆ ಮಾತ್ರ ನಗಲಿಲ್ಲ. ಕೊನೆಗೆ ಅವಳು ಕುಪ್ಪಸದೊಳಗಿಂದ ಕವರು ತೆಗೆದು ಎತ್ತಿ ಹಿಡಿದಳು. ಹನ್ನೊಂದು ವರ್ಷ ನಾನು ಇವರ ತೊಳಿಲಾಳಿ, ಇವರೇ ಬರೆದಿದ್ದಾರೆ, ಸೀಲು ಎರಡು ಸಲ ಹೊಡೆದಿದ್ದಾರೆ ಎಂದಳು. ಚಪ್ಪಾಳೆ. ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಖಜಾಂಚಿ ಅವರ ಕಡೆ ಬಾಗಿ ಕಿವಿಯಲ್ಲಿ ಎರಡು ಮಾತು ಹೇಳಿದ ಮೇಲೆ ಆ ಕೈಗಳು ಹಾಗೇ ಗಾಳಿಯಲ್ಲಿ ನಿಂತವು. ಕೇರಳದ ಶುಚಿತ್ವದ ಭಾಷಣ ಆ ದಿನ ಆಗಲಿಲ್ಲ. ಅಧ್ಯಕ್ಷರು ಅದರ ಹಾಳೆಗಳನ್ನು ಮಡಿಸಿ ಜೇಬಿಗಿಟ್ಟರು.

ವಾಪಸು ರೈಲಿನಲ್ಲಿ, ಖಜಾಂಚಿಯೂ ಜೊತೆಗೆ ಹತ್ತಿದ್ದರಿಂದ, ತುರ್ತು ಸಭೆ ನಡೆಯಿತು. ಅವಳು ಕೊಳಗದ ಜೊತೆ ಬಾಗಿಲ ಹತ್ತಿರ ಕೂತಿದ್ದಳು, ಹತ್ತು ಹೆಜ್ಜೆ ದೂರ.

“ಬರಹದಲ್ಲಿ ಕೊಟ್ಟಿದ್ದೀರಲ್ಲ ಮಾರಾಯ್ರೆ! ಸೀಲು ಬೇರೆ, ಅದೂ ಎರಡು!” ಎಂದು ಖಜಾಂಚಿ ಹಣೆ ಚಚ್ಚಿಕೊಂಡರು.

“ಅದು ತೊಳೆಯೋ ಆಳು ಅಂತ ಹಾಕಿದ್ದು ಕಣ್ರೀ” ಎಂದರು ಅಧ್ಯಕ್ಷರು. “ಮೂಲಾರ್ಥ ಅದೇನೇ. ಇವರು ಆಮೇಲೆ ಅರ್ಥ ಬದಲಾಯಿಸಿಕೊಂಡಿದಾರೆ.”

“ಕೋರ್ಟಿನಲ್ಲಿ ನಿಮ್ಮ ಮೂಲಾರ್ಥ ಕೇಳ್ತಾರಾ? ಆ ಕಾಗದ ವಾಪಸ್ ತಗೊಳ್ಳಿ.”

ಬರೆದವಳು ನಾನು, ತಗೊಳ್ಳಬೇಕಾದವಳೂ ನಾನು ಎಂದಾಯಿತು. ಎದ್ದು ಬಾಗಿಲ ಹತ್ತಿರ ಹೋದೆ. ಕಾಗದದಲ್ಲಿ ಒಂದು ಸಣ್ಣ ತಪ್ಪಾಗಿದೆ, ಸರಿ ಮಾಡಿ ಕೊಡುತ್ತೇವೆ ಎಂದೆ. ಆ ಮಾತು ಬಾಯಿಂದ ಬರುವಾಗಲೇ ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಅವಳು ಕಿಟಕಿಯಿಂದ ಮುಖ ತಿರುಗಿಸಿ ಕೇಳಿದಳು. “ಸುಳ್ಳು ಯಾವ್ದೈತ್ರಿ ಅಕ್ಕಾರ ಅದ್ರಾಗ? ಹೆಸರು ನಂದ. ಹನ್ನೊಂದು ವರ್ಷ ಖರೇ. ನಿಮ್ಮಲ್ಲೇ ದುಡದೀನಿ, ಅದೂ ಖರೇ. ಯಾವ ಅಕ್ಷರ ತಪ್ಪೈತಿ, ಬೆರಳಿಟ್ಟು ತೋರಸ್ರಿ, ಕೊಟ್ಟುಬಿಡ್ತೀನಿ.”

“ನಿನಗೆ ಆ ಪದದ ಅರ್ಥ ಮೊದಲೇ ಗೊತ್ತಿತ್ತಾ?” ಎಂದೆ.

“ಗೊತ್ತಿಲ್ದೇ ಏನ್ರಿ? ತೊಳಿಲಾಳಿ ಅಂದ್ರ ತೊಳಿಯಾಕಿ ಅಲ್ರಿ, ದುಡಿಯಾಕಿ. ನೀವೂ ಬ್ಯಾಂಕಿನ್ಯಾಗ ತೊಳಿಲಾಳಿನ. ಅವತ್ತು ಅವ್ರು ಒಪ್ಯಾರನ್ರಿ ಅಂತ ಕೇಳಿದ್ನಲ್ಲ? ಎಲ್ಲಾರೂ ಒಪ್ಪ್ಯಾರ ಅಂದ್ರಿ ನೀವ.”

ಬೆರಳಿಟ್ಟು ತೋರಿಸಲು ನನಗೆ ಯಾವ ಅಕ್ಷರವೂ ಸಿಗಲಿಲ್ಲ. ಬರಿಗೈಯಲ್ಲಿ ವಾಪಸು ಬಂದು ಕೊಡಲ್ಲ ಅಂದಳು ಎಂದೆ. ಕಾಯಂಕುಳಂ ಬರುವಷ್ಟರಲ್ಲಿ ನಿರ್ಣಯವಾಯಿತು. ಆ ಕಾಗದದ ಬಗ್ಗೆ ಯಾರಾದರೂ ವಿಚಾರಿಸಿದರೆ, ಆಕೆ ನಮ್ಮ ಸ್ವಯಂಸೇವಕಿ, ಭಾಷೆ ತಿಳಿಯದೆ ಪದ ತಪ್ಪಾಗಿದೆ ಎಂದು ಕಾರ್ಯದರ್ಶಿ ಹೇಳತಕ್ಕದ್ದು. ಕಾರ್ಯದರ್ಶಿಯ ಪೆನ್ನಿನಿಂದಲೇ ಅದನ್ನು ಬರೆಸಿದರು. ನಾನು ಬರೆದೆ, ಅಕ್ಷರ ಎಲ್ಲೂ ಅಲುಗದಂತೆ, ಓಡುವ ರೈಲಿನಲ್ಲಿ.

ಬುಧವಾರ ಬ್ಯಾಂಕಿನಲ್ಲಿದ್ದಾಗ ಫೋನು ಬಂತು. ಆಸ್ಪತ್ರೆಯ ಕಚೇರಿಯಿಂದ, ಒಬ್ಬ ಗುಮಾಸ್ತೆ, ಮಲಯಾಳದಲ್ಲಿ. ನಮ್ಮ ಲೆಟರ್‌ಹೆಡ್ಡಿನ ಕಾಗದ ಅವರ ಮುಂದಿತ್ತು. ಹೆಸರು ಓದಿ ಕೇಳಿದಳು:

“ಇವರ್ ನಿಙ್ಙಳುಡೆ ತೊಳಿಲಾಳಿಯಾಣೋ?”

ಇವರು ನಿಮ್ಮ ತೊಳಿಲಾಳಿಯೇ? ಈಗ ಆ ವಾಕ್ಯ ಪೂರ್ತಿ ಅರ್ಥವಾಗುತ್ತಿತ್ತು. ಸುಳ್ಳು ಹೇಳೋಣವೆಂದರೆ ರೈಲಿನಲ್ಲಿ ಕಲಿಸಿಕೊಟ್ಟದ್ದೇ ಇತ್ತು, ನಿರ್ಣಯ ಚೀಲದಲ್ಲಿತ್ತು. ಖಜಾಂಚಿಯ ಕಚೇರಿಯವರೇ ನಮ್ಮ ಶಾಖೆಗೂ ಆಡಿಟ್ಟಿಗೆ ಬರುತ್ತಾರೆ ಎಂಬುದೂ ತಲೆಯಲ್ಲಿ ಸುಳಿದುಹೋಯಿತು. ನನಗೆ ಭಯವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೂ “ಅದೆ” ಎಂದೆ. ಮಲಯಾಳದಲ್ಲಿ ಹೌದು ಎನ್ನಲು ಅಷ್ಟೇ ಸಾಕು. ಎಷ್ಟು ವರ್ಷ ಎಂದಳು, ಹೇಳಿದೆ. ನಡತೆ ಹೇಗೆ ಎಂದಳು, ನಮ್ಮೆಲ್ಲರಿಗಿಂತ ಚೆನ್ನಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನಕ್ಕು ಫೋನಿಟ್ಟಳು.

ಭಾನುವಾರದ ಸಭೆಯಲ್ಲಿ ಫೋನಿನ ಸಂಗತಿ ನಾನೇ ತಿಳಿಸಿದೆ, ವಿಚಾರಣೆಯಾಯಿತು. ಏನು ಹೇಳಿದಿರಿ ಎಂದು ಖಜಾಂಚಿ ಕೇಳಿದರು. “ಅದೆ” ಎಂದೆ ಅಂತ ಹೇಳಿದೆ. ಅಧ್ಯಕ್ಷರ ಮುಖ ಅರಳಿತು. “ಅದೇ! ನೋಡಿದ್ರಾ, ಅಚ್ಚಗನ್ನಡ!” ಎಂದು ಮೇಜು ಕುಟ್ಟಿದರು. ಆಮೇಲೆ ಆ ‘ಅದೆ’ ಯಾವ ಪ್ರಶ್ನೆಗೆ ಹೇಳಿದ್ದು ಎಂದು ಹೊಳೆದು ಮೇಜಿನಿಂದ ಕೈ ತೆಗೆದರು. ನನ್ನನ್ನು ಕಾರ್ಯದರ್ಶಿ ಸ್ಥಾನದಿಂದ ಬಿಡುಗಡೆ ಮಾಡಲು ಹತ್ತು ನಿಮಿಷ ಹಿಡಿಯಿತು, ನಿರ್ಣಯ ಬರೆಯಲು ನನ್ನ ಪೆನ್ನನ್ನೇ ಕೇಳಿ ತೆಗೆದುಕೊಂಡರು. ತಿಂಗಳ ಕೊನೆಯವರೆಗೆ ಲೆಟರ್‌ಹೆಡ್ಡು, ಸೀಲು ನನ್ನ ಹತ್ತಿರವೇ ಇರಲಿ ಎಂದರು. ಒಯ್ಯಲು ಬೇರೆ ಯಾರೂ ಮುಂದೆ ಬರಲಿಲ್ಲ.

ಎರಡು ದಿನ ಬಿಟ್ಟು ಸಂಜೆ ಅವಳು ನಮ್ಮ ಮನೆಗೆ ಬಂದಳು. ಆಸ್ಪತ್ರೆಯ ತಿಳಿನೀಲಿ ಯೂನಿಫಾರ್ಮ್ ಸೀರೆ, ಕುತ್ತಿಗೆಯಲ್ಲಿ ಕಾರ್ಡು. ನಾನು ಕೂರಿಸಿದೆ, ಕಾಫಿ ಕೊಟ್ಟೆ. ಒಳಗೊಳಗೆ ಅವಳ ಬಾಯಿಂದ ಒಂದು ಒಳ್ಳೆಯ ಮಾತು ಬರಲಿ ಎಂದು ಕಾಯುತ್ತಿದ್ದೆ. ಅವಳಿಗಾಗಿ ಇಷ್ಟು ದೊಡ್ಡ ಪದವಿ ಕಳೆದುಕೊಂಡಿದ್ದೇನಲ್ಲ. ಅವಳು ಸೆರಗಿನ ಗಂಟು ಬಿಚ್ಚಿ ಸೌಧದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು.

“ಕೀಲಿ ಮುಟ್ಟೈತಿ ಅಂತ ಬರದು ಕೊಡ್ರಿ. ಸಿಕ್ಕಾ ಹೊಡದು.”

“ನನ್ನ ಮೇಲೂ ನಂಬಿಕೆ ಇಲ್ವಾ?” ಎಂದು ಕೇಳಿಯೇಬಿಟ್ಟೆ. ನಿಜಕ್ಕೂ ನೋವಾಗಿತ್ತು.

“ನಂಬಿಕಿ ಐತ್ರಿ. ಆದ್ರ ನೀವು ಟ್ರಾನ್ಸ್‌ಫರ್ ಆಗಿ ಹೋಗೋರು ಅಕ್ಕಾರ. ನಾ ಇಲ್ಲೇ ಇರಾಕಿ.”

ನಾನು ಲೆಟರ್‌ಹೆಡ್ಡು ತಂದು ಕನ್ನಡದಲ್ಲಿ ಬರೆಯತೊಡಗಿದೆ. ಅವಳು ನನ್ನ ಕೈ ತಡೆದಳು. ಮಲಯಾಳದಲ್ಲಿ ಬರೆಯಿರಿ, ನನಗೆ ಓದಲು ಬರಬೇಕು ಎಂದಳು. ಹೊಸ ಹಾಳೆ ತೆಗೆದುಕೊಂಡು, ನಮ್ಮ ತೊಳಿಲಾಳಿಯಿಂದ ಬೀಗದ ಕೈ ಮುಟ್ಟಿದೆ ಎಂದು ಬರೆದು, ಸಹಿ ಮಾಡಿ, ಸೀಲು ಒತ್ತಿದೆ. ಅವಳು ಕಾಫಿ ಲೋಟ ಪಕ್ಕಕ್ಕೆ ಸರಿಸಿ, ಪ್ರತಿ ಅಕ್ಷರದ ಮೇಲೂ ಬೆರಳಿಟ್ಟು ನಿಧಾನವಾಗಿ ಕೊನೆಯವರೆಗೆ ಓದಿದಳು. ಒಂದು ದೀರ್ಘ ಬಿಟ್ಟುಹೋಗಿತ್ತು. ಅದನ್ನು ತೋರಿಸಿ, ನನ್ನ ಕೈಯಿಂದಲೇ ತಿದ್ದಿಸಿ, ತಿದ್ದಿದ ಕಡೆ ಇನ್ನೊಂದು ಸಹಿ ಹಾಕಿಸಿಕೊಂಡು ಹೋದಳು.